ಹದಿನೇಳನೇ ಕುಂಡ

ಕುಮಟೆಯಾಚೆ ಚಿರೆಕಲ್ಲು ಕೊರೆದು ಬಿಟ್ಟ ಗುಡ್ಡದ ಮಣ್ಣು.
ಜರಡಿ ಹಿಡಿದು ತುಂಬಿದ್ದೇವೆ, ನಲವತ್ತು ಕುಂಡ.
ತುಕ್ಕು ತಿಂದ ಲಂಗರಿನ ಬಣ್ಣ.
ರಂಜಕ ಇಲ್ಲವೆಂದಲ್ಲ ಅದರಲ್ಲಿ. ಇದೆ.
ಕಬ್ಬಿಣ ಹಿಡಿದುಕೊಂಡಿದೆ, ಬಿಡುವುದಿಲ್ಲ,
ಸೊಸೈಟಿಯ ಪುಸ್ತಕದಲ್ಲಿ ಮಾತ್ರ
ನಮ್ಮ ಹೆಸರಿಗೆ ಬಂದು ಹೋಗುವ ಸಕ್ಕರೆಯ ಹಾಗೆ.

ಬಿತ್ತಿದ್ದು ಮೇವಿನ ಅಲಸಂದೆ.
ಒಂದು ಸಾಲಿಗೆ ಏನೂ ಇಲ್ಲ, ಒಂದಕ್ಕೆ ಚಿಟಿಕೆ,
ಒಂದಕ್ಕೆ ಸಾಕಷ್ಟು, ಕೊನೆಯದಕ್ಕೆ ಸಾಕೆನ್ನುವಷ್ಟು.
ನೀರು ಹಾಕುವವರು ಬುದ್ಯಂತ ಗೌಡರು,
ಡಬ್ಬಿಯ ಗೆರೆ ತಪ್ಪದೆ.

ನಲವತ್ತೈದನೇ ದಿನ ಕಿತ್ತೆವು.
ಕೊನೆಯ ಸಾಲಿನ ಎಲೆಗಳು ಕರುವಿನ ಕಿವಿಯಷ್ಟಗಲ.
ಬೇರು ತೊಳೆದು, ಕ್ಷಾರದಲ್ಲಿ ಬೇಯಿಸಿ, ನೀಲಿ ಕುಡಿಸಿ
ಮಸೂರದಡಿ ಇಟ್ಟರೆ
ಖಾಲಿ ಓಣಿ.
ಉಂಡು ತೇಗಿದ ಮನೆಗೆ ನೆಂಟರು ಯಾಕೆ?
ಬಾಗಿಲು ಹಾಕಿಕೊಂಡಿದೆ.

ಏನೂ ಕೊಡದ ಸಾಲು ಗೇಣುದ್ದ, ಕೆಳಗಿನೆಲೆ ಹಳದಿ.
ಬೇರಿನೊಳಗೆ ಮಾತ್ರ ಸಂತೆ:
ಕೋಶಕೋಶಕ್ಕೂ ಒಂದೊಂದು ನೀಲಿ ಮರ,
ಎಲೆಯಿಲ್ಲದೆ ಬರೀ ಕವಲು, ಕವಲಿಗೆ ಕವಲು.
ಬೇರಿನ ಕೈಗೆಟುಕದ ಕಡೆಗೆಲ್ಲ ನೂಲು ಹಾಯಿಸಿ
ಕಲ್ಲಿನ ಸಂದಿಯಿಂದ ಕಣ ರಂಜಕ ಬಿಡಿಸಿ ತರುತ್ತದೆ ಶಿಲೀಂಧ್ರ.
ಗಿಡ ತನಗೇ ಸಾಲದ ಸಕ್ಕರೆಯಲ್ಲಿ ಅದಕ್ಕೂ ಪಾಲಿಡುತ್ತದೆ.
ನಾಲ್ಕಾರು ದಿನ ಬದುಕಿ ಮರ ಕರಗುತ್ತದೆ,
ಪಕ್ಕದ ಕೋಶದಲ್ಲಿ ಇನ್ನೊಂದು.

ಹದಿನೇಳು ಏನೂ ಕೊಡದ ಸಾಲಿನದು.
ಆದರೆ ಮೊಣಕಾಲೆತ್ತರ, ಕಡು ಹಸಿರು.
ಬೇರಿನ ಗಂಟು ಒಡೆದರೆ ಉಗುರಿಗಂಟುವ ಕೆಂಪು.
ಚೀಟಿ ತಪ್ಪಿತೇ ಎಂದು ಮೂರು ಸಲ ನೋಡಿದೆ.
ಗೌಡರು ಡಬ್ಬಿಯ ತಳ ನೋಡುತ್ತಿದ್ದರು.

"ಅಕ್ಕೋರೇ, ಅದು ಉಪಾಸ ಇತ್ತು. ನೋಡೂಕಾಗ್ಲಿಲ್ಲ.
ತಾರ್ಲೆ ಮುಳ್ಳು ಸುಟ್ಟ ಬೂದಿ, ಒಂದೇ ಹಿಡಿ."
"ಉಳಿದ ಒಂಬತ್ತಕ್ಕೆ?"
"ಅವು ಕೇಳ್ಲಿಲ್ಲ."

ಬಯ್ಯಬೇಕಿತ್ತು. ಬಯ್ದೆ ಕೂಡ, ಸ್ವಲ್ಪ.
ಪುಸ್ತಕದಲ್ಲಿ: ೧೭, ಲೆಕ್ಕದಿಂದ ಕೈಬಿಟ್ಟಿದೆ.
ಕಾರಣ ಎಂಬ ಕಂಬಸಾಲಿನಲ್ಲಿ ಬರೆದು ಹೊಡೆದು
ಕೊನೆಗೆ ಒಂದೇ ಪದ ಉಳಿಸಿದೆ: ಮೀನು.

ಲೆಕ್ಕಕ್ಕಿಲ್ಲದ್ದನ್ನು ಎಣಿಸಲು ಯಾರೂ ಸಂಬಳ ಕೊಡುವುದಿಲ್ಲ.
ಎಲ್ಲರೂ ಹೋದ ಮೇಲೆ ಎಣಿಸಿದೆ.
ನೂರು ಗೆರೆಗೆ ಅರವತ್ತೆಂಟು ನೀಲಿ.
ಹೊಟ್ಟೆ ತುಂಬಿತ್ತು, ಬಾಗಿಲೂ ತೆರೆದಿತ್ತು.
ಒಂದು ಕುಂಡ. ಒಂದು ಕುಂಡದಿಂದ ಏನನ್ನೂ ಹೇಳುವಂತಿಲ್ಲ.
ಮುಳ್ಳಿನ ಬೂದಿ ನಿಧಾನ ಕರಗುತ್ತದಲ್ಲ,
ಅದಕ್ಕಿರಬಹುದು. ಇರಲಿಕ್ಕಿಲ್ಲ.

ಉಳಿದ ಸೊಪ್ಪೆಲ್ಲ ಒಲೆಯಲ್ಲಿ ಒಣಗಿ ತೂಕಕ್ಕೆ ಕೂತಿತು.
ಹದಿನೇಳರದನ್ನು ಗೌಡರು
ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದರು, ಗಬ್ಬದ ದನಕ್ಕೆ.
ಮರುದಿನ ನಾನು ಕೇಳಲಿಲ್ಲ. ಅವರೇ ಅಂದರು:
"ದಂಟೂ ಬಿಡ್ಲಿಲ್ಲ."