ಹತ್ತೊಂಬತ್ತು ಗುಂಪಿ

ಮೂರನೇತ್ತೆಯ ಹಲಗೆಯ ಮೇಲೆ
ನಾನು ಬರೆದ ಭೂಮಿ ಅಷ್ಟೇನೂ ದುಂಡಗಿರಲಿಲ್ಲ.
ಒಳಗೊಂದು ಸುತ್ತು, ಅದರೊಳಗೊಂದು ಸುತ್ತು,
ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಬಾಣದ ಗುರುತು.
"ಹೇಳ್ರಿ" ಅಂದೆ. ಇಪ್ಪತ್ತಾರು ಬಾಯಿ ಹೇಳಿದವು
ಮಗ್ಗಿ ಹೇಳಿದ ಹಾಗೆ, ಕಿಡಕಿಯ ಹೊರಗೆ ನೋಡುತ್ತ.

ಹೊರಗೆ ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಕಂಬ ತಿರುಗುತ್ತಿದ್ದವು.
ಶಾಲೆಯ ಹಿಂದೆ ಪಂಚಾಯ್ತಿಯ ಬೋರಿನ ಲಾರಿ
ಬಂದು ನಿಂತು, ಕೆಮ್ಮಿ, ಶುರು ಹಚ್ಚಿಕೊಂಡಿತ್ತು.

ಆ ಸದ್ದಿನೆದುರು ಯಾವ ಪಾಠ ನಡೆದೀತು?
ಸಾಲು ಹಿಡಿಸಿ ಕರಕೊಂಡು ಹೋದೆ,
ಕಿವಿಗೆ ಕೈ, ಮೂಗಿಗೆ ಅಂಗಿಯ ಚುಂಗು.
ತಮಿಳು ಹುಡುಗನೊಬ್ಬ ಮೈಯೆಲ್ಲ ಬೂದಿಯಾಗಿ
ಪೈಪು ಇಳಿದಂತೆಲ್ಲ ಸಲಿಕೆಯಲ್ಲಿ ಒಂದಿಷ್ಟೆತ್ತಿ
ಬೇಲಿಯುದ್ದಕ್ಕೂ ಸುರಿಯುತ್ತಿದ್ದ.
ಪೈಪಿಗೊಂದು ಗುಂಪಿ. ಗುಂಪಿಗೆ ಇಪ್ಪತ್ತು ಫೂಟು.

ಮೊದಲನೆಯದು ಎರಿ. ಎಲ್ಲರಿಗೂ ಗೊತ್ತು,
ಮಳೆಗಾಲದಲ್ಲಿ ಚಪ್ಪಲಿ ಕಸಿದುಕೊಳ್ಳುವುದು ಅದೇ.
ಎರಡನೆಯದು ಗರಸು.
ಮೂರನೆಯದಕ್ಕೆ ನನ್ನ ಹತ್ತಿರ ಹೆಸರಿರಲಿಲ್ಲ.

ಹುಲಿಗೆಮ್ಮ ಬಂಡಿವಡ್ಡರ ಕುಕ್ಕರಗಾಲಲ್ಲಿ ಕೂತು
ಚಿಟಿಕೆ ತೆಗೆದು ಬೆರಳ ನಡುವೆ ತೀಡಿದಳು.
"ಹುಳುಕುಗಲ್ಲರಿ ಇದು. ಉಗುರಿಲೆ ಕೆರದ್ರ ಬರತೈತಿ.
ನಮ್ಮ ಮುತ್ಯಾ ಬಾವಿ ತೋಡೂಮುಂದ
ಇದು ಬಂತಂದ್ರ ಗ್ವಾಡಿಗೆ ಬೆನ್ನ ಹಚ್ಚಬ್ಯಾಡ್ರಿ ಅಂತಿದ್ದ."

ಆರನೆಯದು ಹಸಿರು. ಬೆರಳಿಗೆ ಹತ್ತಿ ಮಿಂಚಿತು.
"ಪದರಗಲ್ಲು. ಸುತ್ತಿಗೀಲೆ ಹೊಡದ್ರ
ಒಡ್ಯೂದಿಲ್ಲ, ಬಿಚ್ಚಿಕೊಂತೈತಿ."
ಒಂಬತ್ತನೆಯದರಲ್ಲಿ ಬಿಳಿ ಚೂರು.
"ಬೆಣಚು. ದೊಡ್ಡವು ಎರಡು ತಂದು
ಚಾದರದಾಗ ಹೊಕ್ಕೊಂಡು ತಿಕ್ಕಬೇಕ್ರಿ, ಬೆಳಕ ಬರತೈತಿ.
ನೀವು ತಿಕ್ಕಿಲ್ಲೇನ್ರಿ?"

ತಿಕ್ಕಿಲ್ಲ.
ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ
ಈ ತಿಂಗಳು ಹನ್ನೊಂದು ಗೈರು.
ಪರಿಸರ ಅಧ್ಯಯನ: ಸಿ.
ಅಕ್ಷರ ನನ್ನದೇ.

ಹತ್ತೊಂಬತ್ತನೇ ಗುಂಪಿಗೆ ನೀರು ಬಿತ್ತು,
ಮೊದಲು ರಾಡಿ, ಆಮೇಲೆ ಸುಣ್ಣದ ತಿಳಿಯ ಬಣ್ಣ.
ಎಲ್ಲರೂ ಕೇಕೆ ಹಾಕಿ ತೊಯ್ಯಿಸಿಕೊಂಡರು.
ದಾವಲಸಾಬ ಮಾತ್ರ ಬೆರಳು ಮಡಚುತ್ತಿದ್ದ:
"ಮುನ್ನೂರಾ ಎಂಬತ್ತು ಫೂಟ ಆತ್ರಿ.
ಮ್ಯಾಂಟಲ್ ಇನ್ನೂ ಯಾಕ ಬರವಲ್ದು?"

ಒಳಗೆ ಕರೆದು ಹಲಗೆ ತೋರಿಸಿದೆ.
"ಹೊರಗಿನ ಈ ಸುತ್ತು ನೋಡು. ಸುತ್ತಲ್ಲ, ಅದರ ಗೆರಿ.
ಗೆರ್ಯಾಗಿನ ಸುಣ್ಣದ ಪುಡಿ.
ಪುಡ್ಯಾಗಿಂದು ಒಂದು ಕಣ. ನಮ್ಮ ಬೋರು ಅಷ್ಟು."
ಅವನು ಹತ್ತಿರ ಹೋಗಿ ಊದಿದ.
ಏನೋ ಹಾರಿತು. ಭೂಮಿ ಹಾಗೇ ಇತ್ತು.
"ಹಂಗಾರ ನಾವು ಇನ್ನೂ ಮ್ಯಾಲೇ ಅದೀವಿ" ಅಂದ,
ಸ್ವಲ್ಪ ಮೋಸವಾದವನ ಹಾಗೆ.

ಉಪ್ಪಿನಕಾಯಿ ಬಾಟಲಿ ತೊಳೆದು
ಕೆಳಗಿನಿಂದ ಮೇಲಕ್ಕೆ, ಚಮಚೆ ಚಮಚೆಯಾಗಿ ತುಂಬಿದೆವು.
ಮುತ್ಯಾಗೆ ತೋರಿಸಿ ತರುತ್ತೇನೆಂದು
ಹುಲಿಗೆಮ್ಮ ಸೆಟಗೊಂಡು ಒಯ್ದಳು.

ಮರುದಿನ ಬಂದಳು. ಅದೇ ಒಂದು ಸುದ್ದಿ.
ಬಾಟಲಿಯಲ್ಲಿ ಎಲ್ಲ ಒಂದೇ ಬಣ್ಣ, ಹಳೇ ಗೋಣಿಚೀಲದ್ದು.
"ಟಂಟಂನ್ಯಾಗ ಭೂಕಂಪ ಆತ್ರಿ" ಅಂದು
ನನ್ನ ಮುಖ ನೋಡಿದಳು, ಬೈಗುಳಕ್ಕೆ ತಯಾರಾಗಿ.

ಬೋರಿನ ನೀರನ್ನೇ ತುಂಬಿ, ಮುಚ್ಚಳ ಬಿಗಿದು,
ಅವಳ ಕೈಯಿಂದಲೇ ಅಲ್ಲಾಡಿಸಿ ಕಿಡಕಿಯಲ್ಲಿಟ್ಟೆ.
ಕಲ್ಲಿನ ಚೂರು ನಾನು ಕೈ ತೆಗೆಯುವುದರೊಳಗೆ ತಳ ಕಂಡಿತು.
ಗರಸು ಪ್ರಾರ್ಥನೆ ಮುಗಿಯುವುದರೊಳಗೆ.
ಎರಿ ಮಾತ್ರ ಬಿಸಿಯೂಟದ ಗಂಟೆಗೂ ಕೂರಲಿಲ್ಲ,
ಸಂಜೆಗೂ ಕೂರಲಿಲ್ಲ.

ಬೆಳಿಗ್ಗೆ ಬೀಗ ತೆಗೆಯುವ ಮೊದಲೇ
ಹೊರಗಿನಿಂದ ಸರಳಿಗೆ ಮೂಗು ಒತ್ತಿ ನಿಂತಿದ್ದಳು.
"ಎರಿ ಮ್ಯಾಲೆ ಬಂದು ಕುಂತೈತ್ರಿ. ಯಾರು ಹೇಳಿದ್ರರಿ ಅದಕ್ಕ?"
ನಾನು ಉತ್ತರ ಹುಡುಕುವುದರಲ್ಲಿ
ಅವಳ ಕೈ ಒಳಗೆ ಬಂದಿತ್ತು:
"ಇನ್ನೊಮ್ಮೆ ಅಲ್ಲಾಡಸ್ಲೇನ್ರಿ?"