ಕಾಗದದ ಹಿಮ್ಮಡಿ

ದರ್ಜಿ ಅಂಗಡಿಗೂ ಸ್ಕೂಟರ್ ರಿಪೇರಿಗೂ ನಡುವೆ
ಒಂದೂವರೆ ಬಾಗಿಲಷ್ಟು ಅಗಲ.
ಹುಡುಕಿ ಹೋದವಳು ಎರಡು ಸಲ ದಾಟಿಯೇ ಬಿಟ್ಟಿದ್ದೆ.
ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದ ಮುದುಕಿ
ತಲೆ ಎತ್ತದೆ ಕೇಳಿದಳು: "ಪುಟ್ಟ ಇಗರ್ಜಿಯೇ?"
ಮಡಿಲ ಸಿಪ್ಪೆ ಕೊಡವಿ ಎದ್ದಳು. ಹೆಸರು ಅದ್ದೊಲೊರಾತಾ.
ಬೀಗದ ಕೈ ಅವಳ ಮುಂಗೈಯಷ್ಟು ಉದ್ದ.

ಲೆಚ್ಚೆಯ ಕಲ್ಲು ಜೇನಿನ ಬಣ್ಣ, ಸ್ವಭಾವ ಬೆಣ್ಣೆಯದು;
ಉಗುರು ತಾಗಿದರೂ ಎಲೆ ಬಿಡುತ್ತದೆ, ದ್ರಾಕ್ಷಿ ಬಿಡುತ್ತದೆ.
ಕಟ್ಟುವಾಗ ಹಾಲು ಕುಡಿಸಿ ಗಟ್ಟಿ ಮಾಡುತ್ತಿದ್ದರಂತೆ.
ಬಾಗಿಲ ಚೌಕಟ್ಟಿನಲ್ಲೇ ಎಣಿಸಿದೆ: ದಾಳಿಂಬೆ ಹನ್ನೊಂದು,
ಕೆನ್ನೆಯುಬ್ಬಿಸಿ ಊದುವ ಮಕ್ಕಳು ನಾಲ್ಕು,
ಮೂಗು ಸವೆದ ಸಿಂಹ ಒಂದು,
ಗರ್ಜಿಸುತ್ತಿತ್ತೋ, ಆಕಳಿಸುತ್ತಿತ್ತೋ.

ಒಳಗೆ ಕತ್ತಲೆ. ಅವಳು ಸ್ವಿಚ್ಚು ಒತ್ತಿದಳು.

ಅಬ್ಬಾ, ಜಾಗವೇ ಬಿಟ್ಟಿಲ್ಲ!
ಖಾಲಿ ಗೋಡೆ ಕಂಡರೆ ಹೆದರುತ್ತಿದ್ದರೇನೋ ಆ ಜನ.
ತಿರುಚಿದ ಕಂಬ, ಕಂಬಕ್ಕೆ ಬಳ್ಳಿ, ಬಳ್ಳಿಗೆ ಹಕ್ಕಿ,
ಹಕ್ಕಿಯ ಕೊಕ್ಕಿಗೆ ಮತ್ತೊಂದು ಬಳ್ಳಿ;
ಮೋಡಗಳ ಅಂಚಿಗೆಲ್ಲ ಚಿನ್ನದ ಜರಿ;
ಹತ್ತು ಹೆಜ್ಜೆಯ ಕೋಣೆಗೆ ಮೂವತ್ತೇಳು ದೇವದೂತರು,
ದಿಬ್ಬಣದ ಬಸ್ಸು ಹತ್ತಿದ ಹಾಗೆ
ಒಬ್ಬರ ರೆಕ್ಕೆ ಒಬ್ಬರ ಮೂಗಿಗೆ.

"ಅಮೃತಶಿಲೆಯೇ?" ಕೇಳಿದೆ.
ನಕ್ಕಳು. ಹತ್ತಿರದ ದೂತನ ಕಾಲನ್ನು
ಬೆರಳ ಗೆಣ್ಣಿನಿಂದ ಬಡಿದಳು. ಟೊಳ್ಳು ಸದ್ದು,
ಒಣಗಿದ ಸೋರೆಬುರುಡೆಯ ಹಾಗೆ.
"ಕಾಗದ. ಹುಲ್ಲು, ತಂತಿ, ಹಿಟ್ಟಿನ ಅಂಟು,
ಹುಳ ಹಿಡಿಯದಿರಲಿ ಅಂತ ಒಂದಿಷ್ಟು ಮೈಲುತುತ್ತ.
ಅಮೃತಶಿಲೆಗೆ ದುಡ್ಡೆಲ್ಲಿತ್ತು ನಮ್ಮ ಹತ್ತಿರ?"

ಹೊರಗೆ ಥಳುಕು, ಒಳಗೆ ಹುಳುಕು:
ಗಾದೆ ನಾಲಗೆಯ ತುದಿಗೆ ಬಂದು ನಿಂತಿತು.
ಆಡದೆ ಇದ್ದದ್ದೇ ಒಳ್ಳೆಯದಾಯಿತು.

ಆ ದೂತನ ಹಿಮ್ಮಡಿ ಹರಿದಿತ್ತು.
ಬಣ್ಣದ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಕಂದು ಪದರ,
ಪದರದ ಮೇಲೆ ಕೈಬರಹ. ಟಾರ್ಚು ಹಿಡಿದು ಓದಿದಳು:
ಎಣ್ಣೆ ಅರ್ಧ. ಸಾಬೂನು ಎರಡು. ಬಾಕಿ...
ಎಷ್ಟು ಬಾಕಿಯೋ, ಅದು ಪಾದದೊಳಕ್ಕೆ ತಿರುಗಿಹೋಗಿತ್ತು.

ಚಾವಣಿ ಸೋರಿ ಹಳೆಯ ದೂತರೆಲ್ಲ ನೆನೆದು ಕುಸಿದ ವರ್ಷ
ಊರಿನಲ್ಲಿ ರದ್ದಿಗೆ ಬೆಲೆ ಬಂತಂತೆ.
ಇವಳಜ್ಜಿ ಅಸ್ಸುಂತಾ, ಗಂಡ ಅರ್ಜೆಂಟೀನಾದಿಂದ ಬರೆದ
ಆರು ವರ್ಷದ ಕಾಗದಗಳನ್ನು ತಕ್ಕಡಿಗೆ ಹಾಕಿದಳು.
"ಅವಳಿಗೆ ಓದು ಬರುತ್ತಿರಲಿಲ್ಲ. ಪಾದ್ರಿ ಓದಿ ಹೇಳುತ್ತಿದ್ದರು.
ಬರಬರುತ್ತ ಅವರು ಕೆಲವು ಸಾಲು ಹಾರಿಸತೊಡಗಿದರು.
ಹಾರಿಸಿದ್ದು ಅಜ್ಜಿಗೆ ಗೊತ್ತಾಗುತ್ತಿತ್ತು."
ಮುಕ್ಕಾಲು ಕಿಲೋ ತೂಗಿತು. ಬಂದ ಕಾಸಿಗೆ
ಮಗಳಿಗೊಂದು ಜೊತೆ ಬೂಟು.

ಈಗ ಮೂವತ್ತೇಳರಲ್ಲಿ ಯಾರೊಳಗೋ ಆ ಗಂಡ ಇದ್ದಾನೆ.
ಯಾರ ತೊಡೆಯಲ್ಲೋ, ಯಾರ ಕತ್ತಿನಲ್ಲೋ.
ಎಲ್ಲಿ ಬಿರುಕು ಬಿಟ್ಟರೂ ದುರಸ್ತಿಯ ಒರೊಂಟ್ಸೊ
ಮುಚ್ಚುವ ಮೊದಲು ಇವಳನ್ನು ಕರೆಯುತ್ತಾನೆ.
ಇಲ್ಲಿಯವರೆಗೆ ಸಿಕ್ಕಿದ್ದು: ಒಂದು ಹರಾಜಿನ ನೋಟೀಸು,
ಯಾವನೋ ಹುಡುಗನ ತಪ್ಪು ಭಾಗಾಕಾರ,
ಈ ಸಾಬೂನಿನ ಲೆಕ್ಕ.

ತಲೆಯೆತ್ತಿ ನೋಡಿದೆ. ಗಾಜಿನ ಕಣ್ಣು, ಗುಲಾಬಿ ಕೆನ್ನೆ,
ತುಟಿ ಬಿಗಿದವರು, ಬಾಯಿ ಬಿಟ್ಟವರು,
ಎಲ್ಲರೂ ಏನನ್ನೋ ನುಂಗಿದವರ ಹಾಗೆ.

"ಒಂದು ಚಾಕು ಸಾಕಲ್ಲ," ಅಂದುಬಿಟ್ಟೆ.
ಅವಳು ಏಪ್ರನ್ನಿನ ತುದಿಯಿಂದ
ಒಬ್ಬನ ಮೊಣಕಾಲು ಒರೆಸಿದಳು,
ಬಿದ್ದು ಬಂದ ಮಗುವಿನದನ್ನು ಒರೆಸುವ ಹಾಗೆ.
ಉತ್ತರ ಕೊಡಲಿಲ್ಲ.

ಒಂದು ಗಂಟೆ. ಬೀಗದ ಹೊತ್ತು.
ಸ್ವಿಚ್ಚು ಆರಿದಾಗ ಚಿನ್ನವೆಲ್ಲ ಒಮ್ಮೆಲೇ ಕಂದಿತು.
ಹೊರಗೆ ಸ್ಕೂಟರೊಂದು ಕೆಮ್ಮಿ ಕೆಮ್ಮಿ ಸ್ಟಾರ್ಟಾಯಿತು.
"ಯುದ್ಧಕ್ಕೂ ಜಗ್ಗಲಿಲ್ಲ, ಹುಳಕ್ಕೂ ಜಗ್ಗಲಿಲ್ಲ,"
ಬಟಾಣಿಯ ಮುಂದೆ ಮತ್ತೆ ಕೂರುತ್ತ ಹೇಳಿದಳು,
"ಚೆನ್ನಾಗಿ ಮಾಡಿಬಿಟ್ಟಿದ್ದಾರೆ. ಅದೇ ತೊಂದರೆ."