ಗ್ಯಾರೇಜಿನಲ್ಲಿ ಬಿಡುಗಡೆ

ಇಪ್ಪತ್ತೈದು ಪ್ರತಿ ತಂದಿದ್ದೆ.
ಇಪ್ಪತ್ತಮೂರು ಡಿಕ್ಕಿಗೆ ವಾಪಸು.

ಕೂಟದ ಅಧ್ಯಕ್ಷರು ಕೊಟ್ಟದ್ದು ಐದು ನಿಮಿಷ,
ಲಕ್ಕಿ ಡಿಪ್ಪಿಗೂ ಬಿರಿಯಾನಿಗೂ ನಡುವೆ.
"ಸೋದರಿ ಆತಿಕಾ, ಪುಸ್ತಕ ಬಂತು ಅಂತ ಹೇಳಿ, ಸಾಕು.
ಒಳಗೆ ಎಂತ ಉಂಟು ಅಂತ ಇಲ್ಲಿ ಬೇಡ.
ಎಲ್ಲರೂ ವೀಸಾದ ಮೇಲೆ ಇರುವವರು."
ಮೈಕು ಹಿಡಿದು ಅಂದೆ:
ಇದನ್ನು ಬರೆದವರು ಮರಳಿನಾಚೆಯ ದೇಶದ
ಒಬ್ಬ ಮುದಿ ನ್ಯಾಯಾಧೀಶರು,
ಮೂವತ್ತು ವರ್ಷ ಹೆಂಗಸರ ಅಹವಾಲು ಕೇಳಿ ಕೇಳಿ
ಹಳೆಯ ಕಿತಾಬುಗಳನ್ನು ಮತ್ತೆ ಮೊದಲಿನಿಂದ ಓದಿದವರು—
ಅಷ್ಟರಲ್ಲಿ ಡೇಗ್ಚಿಯ ಮುಚ್ಚಳ ತೆರೆಯಿತು.

ವಲೇರಿಯನ್ ಮಾಮ ಒಂದು ಕೊಂಡರು, ಮುಖಪುಟ ಚಂದ ಉಂಟೆಂದು.
ಇನ್ನೊಬ್ಬರು ಕೊಂಡು, ಬಹುಮಾನದ ಇಸ್ತ್ರಿಪೆಟ್ಟಿಗೆಯ
ಡಬ್ಬದೊಳಗೆ ತುರುಕಿದರು.

ಆರು ವರ್ಷ.
ಹಗಲು ರೋಲಾದ ಟೈಪಿಂಗ್ ಸೆಂಟರಿನಲ್ಲಿ
ಊರವರ ಬಾಡಿಗೆ ಕರಾರು, ರಾಜೀನಾಮೆ, ಅರ್ಜಿ;
ರಾತ್ರಿ ಒಂದು ಪುಟ, ಕೆಲವೊಮ್ಮೆ ಒಂದೇ ಸಾಲು.
ಕೊನೆಗೂ ಒಲಿಯದೇ ಉಳಿದದ್ದು ಹೆಸರಿನ ಒಂದು ಪದ:
ಇಸ್ಲಾಹ್.
ತಿದ್ದುಪಡಿ ಎಂದರೆ ಕೆಂಪು ಶಾಯಿ, ಮಕ್ಕಳ ಕಾಪಿ.
ಜೀರ್ಣೋದ್ಧಾರ ಗುಡಿಯವರದು, ರಸೀದಿ ಪುಸ್ತಕ ಸಮೇತ.
ಸುಧಾರಣೆಗೆ ಸರಕಾರಿ ಕಡತದ ಧೂಳು.
ಹಾಳಾಗಲಿ ಎಂದು ಅದನ್ನೇ ಅಚ್ಚಿಗೆ ಕಳಿಸಿದೆ.
ಅಂದಿನಿಂದ ಹಲ್ಲುಸಂದಿಯ ನಾರಿಗೆ ಹೋಗುವಂತೆ
ನಾಲಗೆ ಅಲ್ಲಿಗೇ ಹೋಗುತ್ತದೆ.

ಇಂಡಸ್ಟ್ರಿಯಲ್ ಏರಿಯಾದ ತಿರುವಿನಲ್ಲಿ
ಗಾಡಿ ಬುಸುಗುಟ್ಟಿ ನಿಂತಿತು.
ಎದುರಿಗೆ, ಅರ್ಧ ಬಲ್ಬು ಸತ್ತ ಬೋರ್ಡು:
ತಸ್ಲೀಹ್. ರಿಪೇರಿ.
ಅದೇ ಬೇರು. ಸ್ವಾದ್, ಲಾಮ್, ಹಾ.
ಎಂಟು ವರ್ಷ ಇದೇ ದಾರಿ, ಓದಿರಲಿಲ್ಲ.

ಲಾರಿಯ ಅಡಿಯಿಂದ ಮೊದಲು ಕಾಲು ಬಂದವು, ಆಮೇಲೆ ಇದಿನಬ್ಬ.
ಫರಂಗಿಪೇಟೆಯವರು. ಇಲ್ಲಿಗೆ ಇಪ್ಪತ್ತೆಂಟು ವರ್ಷ.
ಬಾನೆಟ್ಟಿನ ಮೇಲೆ ಅಂಗೈ ಸುಳಿಸಿ
"ಬೆಲ್ಟು ಹೋಗಿದೆ. ಈಗ ಮುಟ್ಟುವುದು ಬೇಡ.
ಸ್ವಲ್ಪ ಸುಧಾರಿಸಿಕೊಳ್ಳಲಿ ಅದು.
ನೀವೂ ಕೂತು ಸುಧಾರಿಸಿಕೊಳ್ಳಿ ಅಕ್ಕ" ಅಂದರು.

ಕೂತೆ, ಬೋಳು ಟೈರಿನ ಮೇಲೆ.
ಉಸಿರು ತಿರುಗಿ ಬರಲಿ ಎಂದು ಕಾಯುವುದಕ್ಕೂ
ನಮ್ಮಲ್ಲಿ ಅದೇ ಮಾತು.
ಆರು ವರ್ಷ ನಿಘಂಟಿನಲ್ಲಿ ಹುಡುಕಿದ್ದೆ.

ಜಾಕಿಗೆಂದು ಡಿಕ್ಕಿ ತೆರೆದವರು ಕಟ್ಟು ನೋಡಿದರು.
"ಸು... ಧಾ... ರ... ಣೆ. ನಾಲ್ಕನೇ ಕ್ಲಾಸು ನನ್ನದು."
ನನಗೆ ಹುರುಪು ಬಂತು:
"ನಿಮ್ಮ ಕೆಲಸವೇ ಇದು ಇದಿನಬ್ಬಾಕ,
ಹಳೆಯದನ್ನು ಬಿಸಾಡದೆ—"
"ಹಾಗೆಲ್ಲ ಇಲ್ಲ. ಕೆಲವು ಗಾಡಿ ಗುಜರಿಗೇ.
ಕೆಲವಕ್ಕೆ ಕೈ ಹಾಕಿದರೆ ಇನ್ನೂ ಹಾಳು.
ಬಿಚ್ಚಿ ನೋಡದೆ ಹೇಳುವವ ಮೆಕ್ಯಾನಿಕ್ಕೇ ಅಲ್ಲ."
ನನ್ನ ಉಪಮೆ ಎಣ್ಣೆ ಡಬ್ಬಿಗೆ ಬಿತ್ತು.

ಬಹಳ ಹೊತ್ತು ಸ್ಪಾನರಿನ ಸದ್ದು.
ಆಮೇಲೆ ಇಂಜಿನ್ನಿನ ಒಳಗಿಂದ, ಮುಖ ಎತ್ತದೆ:
"ಇದರಲ್ಲಿ ತಲಾಖಿನದ್ದು ಉಂಟಾ?
ಫೋನಿನಲ್ಲಿ ಹೇಳಿದ್ದು?"
"ಉಂಟು. ಏಳನೇ ಅಧ್ಯಾಯ."
"ಓದಿ."

ತೂಗುದೀಪದ ಬೆಳಕಿಗೆ ನೂರಹದಿಮೂರನೇ ಪುಟ.
ನ್ಯಾಯಾಧೀಶರು ಅಲ್ಲಿ ಅವಳ ಹೆಸರು ಹೇಳುವುದಿಲ್ಲ.
ಅವಳು ಕೋರ್ಟಿಗೆ ಹೊತ್ತು ತಂದ ಟ್ರಂಕಿನ ಬಗ್ಗೆ ಬರೆಯುತ್ತಾರೆ:
ಬೀಗ ಇರಲಿಲ್ಲ, ಹಗ್ಗ ಕಟ್ಟಿತ್ತು,
ಬಿಚ್ಚುವಾಗ ಗುಮಾಸ್ತ ಎಣಿಸಿದ, ಏಳು ಗಂಟು.

ಇದಿನಬ್ಬ ಚಿಂದಿಯಿಂದ ಕೈ ಒರೆಸಿದರು,
ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.
"ನನ್ನ ಝಹರಾಳದ್ದು ಸೂಟ್‌ಕೇಸು.
ನಾನೇ ಇಲ್ಲಿಂದ ಕಳಿಸಿದ್ದು, ಮದುವೆಗೆ.
ಚಕ್ರದ್ದು."

ಕಾಸು ಬೇಡವೆಂದೆ. ಕೇಳಲಿಲ್ಲ.
ಬಿಲ್ಲು ಬುಕ್ಕಿನಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಬರೆದರು:
ಬೆಲ್ಟು ಒಂದು, ನಲವತ್ತು ದಿರ್ಹಮ್.
ಪುಸ್ತಕ ಒಂದು, ಕಳೆಯುವುದು ಇಪ್ಪತ್ತು.
"ಗುರುವಾರ ಪುತ್ತಬ್ಬ ಊರಿಗೆ ಹೋಗ್ತಾನೆ.
ಅವಳಿಗೆ ಓದಲು ಬರ್ತದೆ, ಪಿಯುಸಿ ಆಗಿದೆ."
ಮಸಿ ತಾಗದಂತೆ ಬೆರಳ ತುದಿಯಲ್ಲಿ ಹಿಡಿದು
ಹೊಸ ಬೆಲ್ಟು ಬಂದ ಪ್ಲಾಸ್ಟಿಕ್ ಚೀಲದಲ್ಲೇ
ಅದನ್ನು ಇಳಿಸಿದರು.

ಡಿಕ್ಕಿ ಮುಚ್ಚಿದೆ.
ಇಪ್ಪತ್ತೆರಡು.